ಅವ್ವನ ಉಳಿದ ಕಿವಿ

ನಮ್ಮ ಮನೆಯಲ್ಲಿ ಏಳು ವರ್ಷ ಒಂದು ನಿಯಮವಿತ್ತು. ಅವ್ವನ ಜತೆ ಮಾತಾಡುವುದಿದ್ದರೆ ಅವಳ ಎಡಗಡೆ ಕೂಡಬೇಕು. ಇದು ಹೊರಗಿನವರಿಗೆ ಗೊತ್ತಿರಲಿಲ್ಲ. ಬಸ್ಸು ಹತ್ತಿದಾಗ, ಪಂಕ್ತಿಯಲ್ಲಿ ಊಟಕ್ಕೆ ಕೂತಾಗ, ನಮ್ಮ ಜೈನ ಬಸ್ತಿಯಲ್ಲಿ ಪೂಜೆ ನೋಡುವಾಗ ಅಪ್ಪನೋ ನಾನೋ ಸದ್ದಿಲ್ಲದೆ ಅವಳ ಎಡಕ್ಕೆ ಸರಿಯುತ್ತಿದ್ದೆವು. ನನ್ನ ಲಗ್ನದಲ್ಲಿ ಫೋಟೋದವನು ಅವ್ವನನ್ನು ನಡುವೆ ನಿಲ್ಲಿಸಲು ಎಷ್ಟು ಒದ್ದಾಡಿದರೂ ಅವಳು ಎಲ್ಲರನ್ನೂ ತನ್ನ ಎಡಕ್ಕೆ ಬಿಟ್ಟು ಸಾಲಿನ ತುದಿಗೇ ಹೋಗಿ ನಿಂತಳು. ಬೀಗರು ಅದನ್ನು ಬಿಂಕ ಅಂದುಕೊಂಡರು.

ಅವ್ವನ ಬಲಗಿವಿ ಕೇಳುತ್ತಿರಲಿಲ್ಲ. ಅದು ಮನೆಯಲ್ಲಿ ಮೂವರಿಗೇ ಗೊತ್ತು: ಅವಳಿಗೆ, ಅಪ್ಪನಿಗೆ, ನನಗೆ. ಅದು ಹೋದದ್ದು ಯಾರಿಂದ ಅನ್ನುವುದು ಆ ಮೂವರಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ನನ್ನ ತವರು ಬೋರಗಾಂವ. ಮನೆಯ ಹಿಂದಿನ ಶೆಡ್ಡಿನಲ್ಲಿ ಅಪ್ಪನ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ಬೆಳಗಾದರೆ ಖಟಾಖಟ್ ಶುರು. ಹೊಸದಾಗಿ ಬಂದ ನೆಂಟರು ತಲೆ ಹಿಡಿದುಕೊಂಡು ಕೂಡುತ್ತಿದ್ದರು. ನಮಗೆ ಮಾತ್ರ ಆ ಗದ್ದಲ ನಿಂತರೇ ಕಸಿವಿಸಿ. ಅವ್ವನಂತೂ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಕೂಗುತ್ತಿದ್ದಳು, “ಮೂರನೇದ್ದ ಯಾಕೋ ಕುಂಟಾಕತ್ತೈತಿ ನೋಡ್ರಿ!” ಅಪ್ಪ ಹೋಗಿ ನೋಡಿದರೆ ಮೂರನೆಯ ಮಗ್ಗದ ಲಾಳಿ ಸರಿಯಾಗಿ ಓಡುತ್ತಿರಲಿಲ್ಲ. ನಾಲ್ಕರಲ್ಲಿ ಯಾವುದು ಕೆಟ್ಟಿದೆ ಎಂದು ಶೆಡ್ಡಿಗೆ ಕಾಲಿಡದೆ ಹೇಳುವವಳು ಅವಳೊಬ್ಬಳೇ. ಅಪ್ಪನಿಗೆ ಅದೊಂದು ದೊಡ್ಡ ಹೆಮ್ಮೆ.

ನಾನು ಪಿಯುಸಿಯಲ್ಲಿದ್ದಾಗ, ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಅವ್ವನ ಎದೆಯ ಒಂದು ಕವಾಟ ಕೆಟ್ಟು ಪುಣೆಯಲ್ಲಿ ಆಪರೇಶನ್ ಆಯಿತು. ಲೋಹದ ವಾಲ್ವ್ ಕೂಡಿಸಿದರು. ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತಾಗ ಅವಳ ಎದೆಯೊಳಗಿನ ಟಿಕ್ ಟಿಕ್ ಪಕ್ಕದಲ್ಲಿ ಕೂತವರಿಗೂ ಕೇಳುತ್ತಿತ್ತು. “ನಂದೊಂದ ಮಗ್ಗ ಕರೆಂಟ್ ಇಲ್ಲದ ನಡೀತೈತಿ” ಎಂದು ನಗುತ್ತಿದ್ದಳು.

ಆ ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ರಕ್ತ ತೆಳುವಾಗಿಸುವ ಗುಳಿಗೆ ಕೊಟ್ಟಿದ್ದರು. ಅದನ್ನು ಜೀವ ಇರುವತನಕ ನುಂಗಬೇಕು. ತಿಂಗಳಿಗೊಮ್ಮೆ ಮಿರಜಿಗೆ ಹೋಗಿ ರಕ್ತ ತಪಾಸಣೆ ಮಾಡಿಸಬೇಕು. ರಕ್ತ ಎಷ್ಟು ತೆಳುವಾಗಿದೆ ಎಂದು ನೋಡಿ ಡಾಕ್ಟರು ಗುಳಿಗೆಯ ಲೆಕ್ಕ ಹೆಚ್ಚುಕಡಿಮೆ ಮಾಡುತ್ತಿದ್ದರು. ಅಪ್ಪ ಮಗ್ಗ ಬಿಟ್ಟು ಬರುವಂತಿರಲಿಲ್ಲ. ಇಂಗ್ಲಿಷ್ ಓದಲು ಬರುವವಳು ನಾನೊಬ್ಬಳೇ ಆದ್ದರಿಂದ ಅವ್ವನ ಜತೆ ಮಿರಜಿಗೆ ಹೋಗುವ ಕೆಲಸ ನನ್ನ ಕೊರಳಿಗೆ ಬಿತ್ತು. ಕೊರಳಿಗೆ ಬಿತ್ತು ಅಂತಲೇ ನನಗೆ ಆಗ ಅನ್ನಿಸುತ್ತಿತ್ತು. ನಾನು ಹುಟ್ಟು ಸಿಡುಕಿ. ಎರಡು ಬಸ್ಸು ಬದಲಿಸಿ ಹೋಗಿ, ಔಷಧದ ವಾಸನೆಯಲ್ಲಿ ಅರ್ಧ ದಿನ ಕೂತು ಬರುವುದೆಂದರೆ ಮುಖ ಗಂಟು ಹಾಕುತ್ತಿದ್ದೆ. ಅವ್ವ ಮಾತ್ರ ಲಗ್ನಕ್ಕೆ ಹೊರಟವಳ ಹಾಗೆ ಇಳಕಲ್ಲ ಸೀರೆ ಉಟ್ಟು, ರೊಟ್ಟಿ ಬುತ್ತಿ ಕಟ್ಟಿಕೊಂಡು ಖುಷಿಯಿಂದ ಬರುತ್ತಿದ್ದಳು.

ರಕ್ತ ಕೊಟ್ಟ ಮೇಲೆ ಅವಳು ಹೊರಗೆ ಬೆಂಚಿನ ಮೇಲೆ ಕೂಡುತ್ತಿದ್ದಳು. ರಿಪೋರ್ಟು ಹಿಡಿದು ಡಾಕ್ಟರ ಕೋಣೆಗೆ ಹೋಗುವವಳು ನಾನು. ಒಮ್ಮೆ ಡಾಕ್ಟರು ನನ್ನನ್ನು ಕೂಡಿಸಿಕೊಂಡು ಮರಾಠಿಯಲ್ಲಿ ತಿಳಿಸಿ ಹೇಳಿದರು. ತಪ್ಪಲಪಲ್ಯದಲ್ಲಿ ರಕ್ತವನ್ನು ಗಟ್ಟಿ ಮಾಡುವ ಸತ್ವ ಇದೆ. ಮೆಂತೆ, ಪಾಲಕ್, ರಾಜಗಿರಿ, ಯಾವುದೇ ಇರಲಿ, ನಿಮ್ಮ ತಾಯಿ ಈಗ ಎಷ್ಟು ತಿನ್ನುತ್ತಾರೋ ಅಷ್ಟೇ ತಿನ್ನುತ್ತಿರಲಿ. ಒಮ್ಮೆಲೇ ಬಿಟ್ಟರೆ ಇದೇ ಗುಳಿಗೆ ಅತಿಯಾಗಿ ರಕ್ತ ನೀರಿನಂತಾಗಿ ಎಲ್ಲಾದರೂ ಸೋರುತ್ತದೆ. ಬಿಡುವುದೇ ಆದರೆ ಮೊದಲು ಇಲ್ಲಿಗೆ ಬನ್ನಿ, ಗುಳಿಗೆ ಕಡಿಮೆ ಮಾಡೋಣ. ನಾನು ಗೋಣು ಹಾಕಿದೆ. ಹೊರಗೆ ಬಂದಾಗ ನಮ್ಮ ಬಸ್ಸು ಹೊರಡುವ ಹೊತ್ತಾಗಿತ್ತು. “ಏನಂದ್ರು?” ಎಂದು ಅವ್ವ ಕೇಳಿದಳು. “ಗುಳಿಗಿ ತಪ್ಪಸಬ್ಯಾಡ ಅಂದ್ರು, ನಡಿ ಲಗೂನ” ಎಂದೆ. ಅಷ್ಟೇ ಹೇಳಿದೆ. ಉಳಿದದ್ದನ್ನು ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ಆ ಆಮೇಲೆ ಬರಲೇ ಇಲ್ಲ.

ನಾನು ನಿಪ್ಪಾಣಿಯಲ್ಲಿ ಬಿ.ಎ. ಓದುತ್ತಿದ್ದ ವರ್ಷ ನಮ್ಮೂರಿಗೆ ಚಾತುರ್ಮಾಸಕ್ಕೆ ಮುನಿಗಳು ಬಂದರು. ಮಳೆಗಾಲದ ಆ ನಾಲ್ಕು ತಿಂಗಳು ಅವರು ಒಂದೇ ಊರಲ್ಲಿ ನಿಲ್ಲುತ್ತಾರೆ. ಮಳೆಗಾಲದ ಸೊಪ್ಪಿನಲ್ಲಿ ಹುಳುಹುಪ್ಪಟೆ ಹೆಚ್ಚು, ಜೀವಹಿಂಸೆ ಆಗುತ್ತದೆಂದು ನಮ್ಮ ಜೈನರ ಮನೆಗಳಲ್ಲಿ ಆಗ ತಪ್ಪಲಪಲ್ಯ ಬಿಡುವವರು ಬಹಳ. ಅವ್ವ ಆವರೆಗೆ ಭಾದ್ರಪದದ ಹತ್ತು ದಿನದ ಪರ್ವದಲ್ಲಷ್ಟೇ ಬಿಡುತ್ತಿದ್ದಳು. ಆ ವರ್ಷ ಮುನಿಗಳ ಎದುರು ಹೆಣ್ಣುಮಕ್ಕಳು ಒಬ್ಬೊಬ್ಬರೇ ಎದ್ದು ಕೈಮುಗಿದು ವ್ರತ ತೆಗೆದುಕೊಳ್ಳುವಾಗ ಅವಳೂ ಎದ್ದಳು. ನಾಲ್ಕು ತಿಂಗಳು ತಪ್ಪಲಪಲ್ಯ ತ್ಯಾಗ ಎಂದಳು. “ನನ್ನ ಎದಿ ಉಳೀತಲ್ಲ, ಅದಕ್ಕ” ಎಂದು ಕೂತ ಮೇಲೆ ನನ್ನ ಕಿವಿಯಲ್ಲಿ ಹೇಳಿದಳು.

ಡಾಕ್ಟರ ಮಾತು ನನಗೆ ನೆನಪಿರಲಿಲ್ಲ ಎಂದು ಹೇಳುವಂತಿದ್ದರೆ ಎಷ್ಟು ಚಲೋ ಇತ್ತು. ನೆನಪಾಯಿತು. ಅಲ್ಲೇ, ಅವಳ ಪಕ್ಕದಲ್ಲಿ ಕೂತಾಗಲೇ ನೆನಪಾಯಿತು. ಈಗ ಹೇಳಿದರೆ ಇವಳು ಎದ್ದು ನಿಂತು ವ್ರತ ಹಿಂದಕ್ಕೆ ಕೊಡಬೇಕು, ಸಭೆಯಲ್ಲಿ ಫಜೀತಿ, ಮನೆಯಲ್ಲಿ ಗೋಳು ಅನ್ನಿಸಿತು. ಒಂದು ಹಿಡಿ ಮೆಂತೆಸೊಪ್ಪಿನಿಂದ ಏನು ಆಕಾಶ ಕಳಚಿ ಬೀಳುತ್ತದೆ ಅಂತಲೂ ಅನ್ನಿಸಿತು. ಮುಂದಿನ ತಪಾಸಣೆಯಲ್ಲಿ ಹೇಗೂ ತಿಳಿಯುತ್ತದಲ್ಲ ಎಂದು ಸುಮ್ಮನಾದೆ.

ಶ್ರಾವಣದ ತಪಾಸಣೆಗೆ ಹೋಗಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆ ಇದೆ ಎಂದು ನಾನು ಸುಳ್ಳು ಹೇಳಿ ಗೆಳತಿಯರ ಜತೆ ಇಚಲಕರಂಜಿಗೆ ಸಿನಿಮಾ ನೋಡಲು ಹೋದೆ. ಭಾದ್ರಪದದ ತಪಾಸಣೆಗೆ ಅವ್ವ ಬರಲಿಲ್ಲ. ಪರ್ವದಲ್ಲಿ ಅವಳದು ದಿನಕ್ಕೆ ಒಂದೇ ಊಟ, ಹೊರಗಿನ ನೀರೂ ಇಲ್ಲ. “ಪರ್ವ ಮುಗೀಲಿ, ಆಮ್ಯಾಲ ಹೋಗೂಣು” ಎಂದಳು. ಒಳಗೊಳಗೆ ನನಗೆ ಖುಷಿಯೇ ಆಯಿತು. ಗುಳಿಗೆಯನ್ನು ಮಾತ್ರ ಅವಳು ಒಂದು ದಿನವೂ ತಪ್ಪಿಸಲಿಲ್ಲ. ನಾನು ಹೇಳಿದ್ದು ಅದೊಂದೇ ತಾನೆ, ಅದನ್ನು ಅವಳು ಚಾಚೂ ತಪ್ಪದೆ ಪಾಲಿಸಿದಳು. ಅವಳ ಮುಂಗೈ ಮೇಲೆ ನೀಲಿ ಕಲೆ ಎದ್ದದ್ದು ಕಂಡೆ. “ಬಾಗಲಾ ಬಡದಿರಬೇಕ ತಗೋ” ಎಂದಳು.

ಪರ್ವದ ಎಂಟನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದವಳು ಗೋಡೆ ಹಿಡಿದುಕೊಂಡು ಹಾಗೇ ಕೆಳಗೆ ಕೂತಳು. ಮನೆ ಗರಗರ ತಿರುಗುತ್ತಿದೆ ಎಂದಳು. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ವಾಂತಿ ನಿಲ್ಲಲಿಲ್ಲ. ಬಲಗಿವಿಯಲ್ಲಿ ಭರ್ರ್ ಎಂದು ಗಾಳಿ ನುಗ್ಗಿದ ಹಾಗಾಯಿತು, ಆಮೇಲೆ ಏನೂ ಇಲ್ಲ ಎಂದಳು. ಅಪ್ಪ ಶೆಡ್ಡಿನಿಂದ ಓಡಿ ಬಂದ. ಅವ್ವ ಅವನ ಮುಖ ನೋಡಿ ಕೇಳಿದಳು, “ಎರಡ ಮಗ್ಗ ಯಾಕ ನಿಂತಾವ್ರಿ?”

ಅಪ್ಪ ಗಾಬರಿಯಾಗಿ ನನ್ನ ಕಡೆ ತಿರುಗಿದ. ನಾಲ್ಕೂ ಮಗ್ಗ ನಡೆಯುತ್ತಿದ್ದವು.

ಜೀಪು ಮಾಡಿಕೊಂಡು ಮಿರಜಿಗೆ ಹೋದೆವು. ರಕ್ತ ನೋಡಿದ ಡಾಕ್ಟರ ಮುಖವೇ ಬದಲಾಯಿತು. ಗುಳಿಗೆ ನಿಲ್ಲಿಸಿ ಸೂಜಿ ಚುಚ್ಚಿದರು. ಅಪ್ಪ ಔಷಧ ತರಲು ಕೆಳಗೆ ಹೋಗಿದ್ದ. ಅವ್ವ ಎಡಕ್ಕೆ ಹೊರಳಿ, ಒಳ್ಳೆಯ ಕಿವಿಯನ್ನು ದಿಂಬಿಗೆ ಒತ್ತಿ ಮಲಗಿದ್ದಳು. ಡಾಕ್ಟರು ನನ್ನನ್ನೇ ನೋಡುತ್ತಾ “ಪಾಲೇಭಾಜಿ ಬಂದ್ ಕೇಲೀ ಹೋತೀ ಕಾ?” ಎಂದರು, ತಪ್ಪಲಪಲ್ಯ ಬಿಟ್ಟಿದ್ದರೇನು ಎಂದು. ಅವರೇ ಮುಂದುವರಿದು, ನಿನಗೆ ಹೇಳಿದ್ದೆನಲ್ಲ ಎಂದರು. ಅವರು ದನಿ ಏರಿಸಲಿಲ್ಲ. ಮೇಲಕ್ಕಿದ್ದ ಅವ್ವನ ಬಲಗಿವಿಗೆ ಅದು ಮುಟ್ಟಲಿಲ್ಲ. ಅಪ್ಪ ಬಂದ ಮೇಲೆ, ಗುಳಿಗೆ ಅತಿಯಾಗಿ ಹೀಗಾಯಿತು ಎಂದಷ್ಟೇ ಹೇಳಿದರು. ನನ್ನನ್ನು ಉಳಿಸಿದರೋ, ಹೇಳುವ ಭಾರವನ್ನು ನನಗೇ ಬಿಟ್ಟರೋ ತಿಳಿಯದು.

ತಲೆ ತಿರುಗುವುದು ಹದಿನೈದು ದಿನಕ್ಕೆ ಕಡಿಮೆಯಾಯಿತು. ಕಿವಿ ಬರಲಿಲ್ಲ. ಪುಣೆಯಲ್ಲಿ, ಎದೆಯ ವಾಲ್ವಿಗೆ ತೊಂದರೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹೊಸದಾಗಿ ಬಂದಿದ್ದ ದೊಡ್ಡ ಮಷೀನಿನೊಳಗೆ ಮಲಗಿಸಿ ಚಿತ್ರ ತೆಗೆದರು. ಕಿವಿಯ ಒಳಗೆ, ಎಲುಬಿನ ಆಳದಲ್ಲಿ, ಶಂಖದ ಆಕಾರದ ಸಣ್ಣ ಗೂಡು ಇರುತ್ತದಂತೆ. ಕೇಳುವುದೂ ಅಲ್ಲೇ, ಮೈಯ ಸಮತೋಲ ಹಿಡಿಯುವುದೂ ಅದರ ಮಗ್ಗುಲಲ್ಲೇ. ಅದರೊಳಗೆ ರಕ್ತ ಸೋರಿದೆ, ಹನಿ ರಕ್ತ ಸಾಕು, ಇನ್ನು ಆ ಕಿವಿ ತಿರುಗಿ ಬರುವುದಿಲ್ಲ ಎಂದರು. ಹೊರಗಿನಿಂದ ನೋಡಿದರೆ ಏನೂ ಆಗಿರಲಿಲ್ಲ. ವಾಲಿ ಇಟ್ಟುಕೊಂಡ ಚೆಂದನೆಯ ಕಿವಿ.

ಊರಿಗೆ ಬರುವಾಗ ಬಸ್ಸಿನಲ್ಲಿ ಅವ್ವ ನನಗೂ ಅಪ್ಪನಿಗೂ ಒಂದು ಮಾತು ಹೇಳಿದಳು. “ಕಿವಿ ಹೋಗೇತಿ ಅಂತ ಯಾರ ಮುಂದೂ ಆಡಬ್ಯಾಡ್ರಿ. ಪರ್ವದಾಗ ಹೋತು ಅಂದ್ರ ಮಂದಿ ಉಪಾಸಕ್ಕ ಹೆಸರ ಇಡ್ತಾರ. ವ್ರತಾ ಮಾಡಿ ಕಿವಿ ಕಳಕೊಂಡ್ಲು ಅಂತಾರ. ನಾಳೆ ಇನ್ನೊಬ್ಬಾಕಿ ವ್ರತಾ ಮಾಡಾಕ ಅಂಜತಾಳ. ಆ ಪಾಪ ನನಗ ಬ್ಯಾಡ.” ಅಪ್ಪ ಹೂಂ ಎಂದ. ನಾನು ಕಿಟಕಿಯಾಚೆ ಕಬ್ಬಿನ ಹೊಲ ನೋಡುತ್ತಾ ಕೂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪಾಡು ನನ್ನದು. ಯಾರೂ ನನ್ನ ಹೆಸರು ಎತ್ತಿರಲಿಲ್ಲ.

ಒಂದು ಕಿವಿ ಹೋದರೆ ಇನ್ನೊಂದು ಇದೆಯಲ್ಲ ಎಂದು ನಾನೂ ಅಂದುಕೊಂಡಿದ್ದೆ. ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯಲು ಎರಡೂ ಕಿವಿ ಬೇಕೆಂದು ಅವ್ವನನ್ನು ನೋಡಿ ಕಲಿತೆ. ಹಿತ್ತಲಿನಿಂದ ಕರೆದರೆ ಅವಳು ಬಾಗಿಲಿಗೆ ಓಡುತ್ತಿದ್ದಳು. ಚಿಕ್ಕೋಡಿಯ ಬಜಾರಿನಲ್ಲಿ ಒಮ್ಮೆ ಕಬ್ಬಿನ ಟ್ರ್ಯಾಕ್ಟರು ಬಲಗಡೆಯಿಂದ ಹಾರ್ನ್ ಹಾಕುತ್ತಾ ಬಂತು. ಅವಳು ಎಡಕ್ಕೆ ನೋಡಿ, ಏನೂ ಇಲ್ಲವೆಂದು ಅದರ ಎದುರಿಗೇ ಹೆಜ್ಜೆ ಇಟ್ಟಳು. ನಾನು ಸೆರಗು ಹಿಡಿದು ಎಳೆದೆ, ಸೆರಗು ಹರಿಯಿತು. “ಕಣ್ಣ ಇಲ್ಲೇನ ನಿನಗ?” ಎಂದು ನಾನೇ ಬೈದೆ. ಬೈದ ಮೇಲೆ ಅಲ್ಲೇ ಅಂಗಡಿಯ ಕಟ್ಟೆಯ ಮೇಲೆ ಕೂತು ಅತ್ತೆ. ನಾನು ಟ್ರ್ಯಾಕ್ಟರಿಗೆ ಹೆದರಿದ್ದೇನೆ ಅಂದುಕೊಂಡು ಅವಳು ನನ್ನ ಬೆನ್ನು ಸವರಿದಳು.

ಮಗ್ಗಗಳ ಗುರುತು ಅವಳಿಗೆ ಹತ್ತದಾಯಿತು. ನಾಲ್ಕರ ಸದ್ದೂ ಕಲಸಿ ಒಂದೇ ಮುದ್ದೆಯಾಗಿ ಕೇಳುತ್ತದೆ ಎನ್ನುತ್ತಿದ್ದಳು. ಅಪ್ಪ ಹಳೆಯ ರೂಢಿಯಲ್ಲಿ “ಯಾವದ ಕೆಟ್ಟೈತಿ ನೋಡು” ಎಂದು ಅಡಿಗೆಮನೆಯ ಕಡೆ ಕೂಗಿ, ಕೂಗಿದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಕೆಲವು ದಿನಗಳ ಮೇಲೆ ಕೂಗುವುದನ್ನೇ ಬಿಟ್ಟ. ಆ ಮನೆಯಲ್ಲಿ ನನಗೆ ಅತಿ ಸಂಕಟ ಕೊಟ್ಟದ್ದು ಆ ಕೂಗು ನಿಂತದ್ದು.

ಎರಡು ವರ್ಷದ ಮೇಲೆ ನನ್ನನ್ನು ಕಾಗವಾಡಕ್ಕೆ ಕೊಟ್ಟರು. ಅದೇ ವರ್ಷ ಅಜ್ಜಿ, ಅಂದರೆ ಅಪ್ಪನ ತಾಯಿ, ತೀರಿಕೊಂಡಳು. ಜೀವ ಹೋಗುವ ಹೊತ್ತಿಗೆ ಐದು ನಮಸ್ಕಾರದ ಮಂತ್ರವನ್ನು ಬಲಗಿವಿಯಲ್ಲಿ ಹೇಳುವುದು ನಮ್ಮ ಮನೆತನದ ರೂಢಿ. ಕಡೆಗೆ ಕಿವಿಗೆ ಬಿದ್ದದ್ದು ಮಂತ್ರವಾಗಿದ್ದರೆ ಜೀವ ಸುಖವಾಗಿ ದಾಟುತ್ತದೆ. ಅಜ್ಜಿಯ ಬಲಕ್ಕೆ ಕೂತು ಸೋದರತ್ತೆ ಹೇಳಿದಳು. ಅವ್ವ ಕಾಲ ಬಳಿ ಕೂತು ರೆಪ್ಪೆ ಬಡಿಯದೆ ನೋಡುತ್ತಿದ್ದಳು.

ಅದೆಲ್ಲ ಮುಗಿದ ಮೇಲೆ ಒಂದು ದಿನ ಅವ್ವ ನನ್ನ ಕೈ ಹಿಡಿದುಕೊಂಡಳು. “ತಂಗೀ, ನನಗ ಆ ಕಡೆ ಕುಂತ ಹೇಳಗೊಡಬ್ಯಾಡ. ಆ ಕಿವಿ ಮುಚ್ಚಿದ ಬಾಗಲಾ. ನೀ ಬಂದ ಎಡಕ್ಕ ಕುಂದ್ರು. ಇಷ್ಟ ಉಪಾಸಾ ಮಾಡೇನಿ, ಕಡೀಕ ಮಂತ್ರ ಕೇಳಸದ ಹೋಗೂದ ಬ್ಯಾಡ ನನಗ.”

“ಆತು ಬೇ.”

“ಆದರ ಯಾಕಂತ ಯಾರ ಮುಂದೂ ಹೇಳಬ್ಯಾಡ ಮತ್ತ.”

“ಎರಡೂ ಹೆಂಗ ಆಗ್ತಾವವ್ವಾ?”

“ನೀ ಶ್ಯಾಣ್ಯಾಕಿ ಅದಿ. ಏನರ ಮಾಡ್ತಿ.”

ನಮ್ಮಲ್ಲಿ ಪರ್ವ ಮುಗಿದ ಮೇಲೆ ಒಬ್ಬರಿಗೊಬ್ಬರು ಕ್ಷಮೆ ಕೇಳುವ ದಿನವಿದೆ. ಸಣ್ಣವರು ದೊಡ್ಡವರನ್ನು, ಅತ್ತೆ ಸೊಸೆಯನ್ನು, ವರ್ಷವಿಡೀ ಮಾತು ಬಿಟ್ಟವರು ಕೂಡ, ತಿಳಿದೋ ತಿಳಿಯದೆಯೋ ನೋವಾಗಿದ್ದರೆ ಕ್ಷಮಿಸಿರಿ ಅನ್ನುತ್ತಾರೆ. ನಾನು ಪ್ರತಿ ವರ್ಷ ಅವ್ವನ ಕಾಲು ಮುಟ್ಟಿ ಅಷ್ಟನ್ನು ಗಿಳಿಪಾಠದಂತೆ ಒಪ್ಪಿಸಿದೆ. ತಿಳಿದೇ ಮಾಡಿದ್ದನ್ನು ಹೇಳಲು ಬಾಯಿ ಬರಲಿಲ್ಲ. ಒಂದು ವರ್ಷ ಅವಳು ಅಂಗಳದಲ್ಲಿ ಕೂತು ಮೆಂತೆಸೊಪ್ಪು ಸೋಸುತ್ತಿದ್ದಳು. ಹಿಂದೆ ಮಗ್ಗಗಳ ಗದ್ದಲ. ನಾನು ಬೇಕಂತಲೇ ಅವಳ ಬಲಕ್ಕೆ ಹೋಗಿ ಕೂತು ಎಲ್ಲವನ್ನೂ ಹೇಳಿದೆ: ಡಾಕ್ಟರ ಮಾತು, ಮುನಿಗಳ ಸಭೆ, ಸಿನಿಮಾ. ಸತ್ತ ಕಿವಿಗೆ ಹೇಳಿದೆ. ಅವಳ ಬೆರಳು ಎಲೆ ಬಿಡಿಸುತ್ತಲೇ ಇದ್ದವು. ಆಮೇಲೆ ನಾನು ಅಲ್ಲಿ ಕೂತದ್ದು ಕಂಡು “ಆ ಕಡೆ ಕುಂತ ಏನ ವಟಾ ವಟಾ ಮಾಡಾಕತ್ತೀ? ಈ ಕಡೆ ಬಾ” ಎಂದಳು.

“ಏನಿಲ್ಲ, ಕ್ಷಮಾ ಕೇಳಾಕತ್ತಿದ್ದೆ.”

“ವರ್ಷಾ ಕೇಳ್ತಿ, ವರ್ಷಾ ಕೊಟ್ಟೇನಿ. ಏಳು, ಚಾ ಇಡು” ಎಂದು ನಕ್ಕಳು.

ನಾನು ಎದ್ದು ಚಹಾ ಇಟ್ಟೆ. ಅಂಥ ಹೇಡಿ ನಾನು.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಅವ್ವನ ಎದೆ ಸೋತಿತು. ಮಿರಜಿನಲ್ಲಿ ಎಂಟು ದಿನ ಇಟ್ಟುಕೊಂಡು, ಮನೆಗೆ ಕರೆದುಕೊಂಡು ಹೋಗಿರಿ ಎಂದರು. ನಾನು ಒಂದು ರಾತ್ರಿಗೆಂದು ಕಾಗವಾಡಕ್ಕೆ ಹೋಗಿದ್ದೆ. ಬೆಳಿಗ್ಗೆ ಫೋನು ಬಂತು. ನಾನು ಮುಟ್ಟುವಷ್ಟರಲ್ಲಿ ಹತ್ತು ಗಂಟೆಯಾಗಿತ್ತು. ಓಣಿಗೆ ಕಾಲಿಟ್ಟಾಗಲೇ ನಮ್ಮ ಮಗ್ಗಗಳ ಸದ್ದು ಇರಲಿಲ್ಲ.

ಪಡಸಾಲೆ ತುಂಬ ಹೆಂಗಸರು. ಜನ ಕೂಡಲು ಜಾಗವಾಗಲೆಂದು ಯಾರೋ ಅವ್ವನ ಮಂಚವನ್ನು ಗೋಡೆಗೆ ಒತ್ತಿ ಸರಿಸಿದ್ದರು. ಅವಳ ಎಡಗಡೆ ಪೂರಾ ಗೋಡೆ. ಬಲಕ್ಕೆ ಸೋದರತ್ತೆ ಕೂತು, ಬಗ್ಗಿ, ಬಲಗಿವಿಗೆ ಬಾಯಿ ಹಚ್ಚಿ ಮಂತ್ರ ಹೇಳುತ್ತಿದ್ದಳು. ಉಳಿದವರು ಅವಳ ಹಿಂದೆ ಪಿಸುದನಿಯಲ್ಲಿ ಹೇಳುತ್ತಿದ್ದರು. ಅಪ್ಪ ಕಾಲ ಬಳಿ ನಿಂತಿದ್ದ. ನನ್ನನ್ನು ಕಂಡದ್ದೇ ಅವನ ಕಣ್ಣು ಗೋಡೆಯ ಕಡೆ ಹೋಯಿತು. ಏಳು ವರ್ಷ ಬಾಯಿ ಕಟ್ಟಿಕೊಂಡವನಿಗೆ ಈಗ ಬಿಡಿಸಿಕೊಳ್ಳಲು ಬರುತ್ತಿರಲಿಲ್ಲ.

“ಮಂಚಾ ಸರಸ್ರಿ” ಎಂದೆ.

ಸೋದರತ್ತೆ ತಲೆ ಎತ್ತಿ “ಹುಚ್ಚಿ, ಈ ಹೊತ್ತಿನ್ಯಾಗ ಮಂಚಾ ಅಲಗಸ್ತಾರೇನ?” ಎಂದಳು.

“ನಾ ಎಡಕ್ಕ ಕುಂದ್ರಬೇಕು.”

“ಬಲಗಿವ್ಯಾಗ ಹೇಳೂದ ನಮ್ಮ ರೂಢಿ. ಸುಮ್ಮ ಹಿಂದ ಕುಂದ್ರು.”

ಏನಾದರೂ ಮಾಡುತ್ತೀ ಎಂದಿದ್ದಳು ಅವ್ವ. ನನಗೆ ಏನೂ ಹೊಳೆಯಲಿಲ್ಲ. ಅವಳ ಉಸಿರು ನಿಂತು ನಿಂತು ಬರುತ್ತಿತ್ತು. “ಆ ಕಿವಿ ಕೇಳಸೂದಿಲ್ಲ” ಎಂದೆ. “ಏಳ ವರ್ಷಾತು. ನೀವ ಹೇಳಿದ್ದ ಒಂದೂ ಅಕಿಗೆ ಮುಟ್ಟಾಕತ್ತಿಲ್ಲ.”

ಮಂತ್ರ ನಿಂತಿತು. ಯಾರೂ ಏಳುವ ಮೊದಲೇ ಅಪ್ಪ ಮಂಚದ ಕಾಲು ಹಿಡಿದು ಎಳೆದ. ನಾನು ಗೋಡೆಗೂ ಮಂಚಕ್ಕೂ ನಡುವೆ ತೂರಿ, ಮಂಡಿಯೂರಿ, ಅವ್ವನ ಎಡಗಿವಿಯ ಹತ್ತಿರ ಮುಖ ತಂದೆ. ಅಷ್ಟರಲ್ಲಿ ಸೋದರತ್ತೆಗೆ ಲೆಕ್ಕ ಹತ್ತಿತ್ತು. “ಏಳ ವರ್ಷಾ? ಅಂದ್ರ ಆ ಪರ್ವದಾಗ ಬಿದ್ದಿದ್ಲಲ್ಲ, ಆವಾಗೇನ? ಅಯ್ಯ, ವ್ರತಾ ಮಾಡಿ ಕಿವಿ ಕಳಕೊಂಡ್ಲಾ?” ಹಿಂದೆ ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವ್ವ ಏಳು ವರ್ಷ ಹೆದರಿದ್ದು ಇದೇ ಮಾತಿಗೆ.

“ವ್ರತದಿಂದ ಅಲ್ಲ” ಎಂದೆ. “ನನ್ನಿಂದ ಹೋಗೇತಿ. ತಪ್ಪಲಪಲ್ಯಾ ಬಿಟ್ರ ಗುಳಿಗಿ ಕಡಿಮಿ ಮಾಡಬೇಕು, ಇಲ್ಲಾಂದ್ರ ರಕ್ತಾ ಸೋರತೈತಿ ಅಂತ ಡಾಕ್ಟರ ನನ್ನ ಮುಂದ ಹೇಳಿದ್ರು. ನಾ ಅವ್ವಗ ಹೇಳಲಿಲ್ಲ. ತಪಾಸ ಮಾಡಸೂ ದಿನಾ ಸುಳ್ಳ ಹೇಳಿ ಸಿನಿಮಾಕ್ಕ ಹೋದೆ. ವ್ರತದ್ದ ತಪ್ಪಿಲ್ಲ. ಅಕೀದೂ ತಪ್ಪಿಲ್ಲ.”

ಅಪ್ಪ ಮಂಚದ ಕಾಲು ಹಿಡಿದವನು ಹಾಗೆಯೇ ನೆಲದ ಮೇಲೆ ಕೂತ. ಆ ದಿನವೂ, ಆಮೇಲೂ ಅವನು ಅದರ ಬಗ್ಗೆ ನನ್ನನ್ನು ಏನೂ ಕೇಳಲಿಲ್ಲ. ಮಗ್ಗಗಳು ನಿಂತಿದ್ದರಿಂದ ಅವ್ವನ ಎದೆಯ ಟಿಕ್ ಟಿಕ್ ಕೇಳುತ್ತಿತ್ತು, ತಪ್ಪಿ ತಪ್ಪಿ. ನಾನು ಬಗ್ಗಿ ಮಂತ್ರ ಶುರುಮಾಡಿದೆ. ಎರಡು ಸಲ ಹೇಳುವವರೆಗೆ ಅವಳು ಅಲುಗಲಿಲ್ಲ. ಮೂರನೆಯ ಸಲಕ್ಕೆ ಅವಳ ತುಟಿ ನನ್ನ ಜತೆ ಆಡಿದವು. ಸದ್ದಿರಲಿಲ್ಲ, ಆದರೆ ಐದೂ ನಮಸ್ಕಾರಕ್ಕೆ ಐದು ಸಲ ಆಡಿದವು. ಎದುರಿಗೆ ಕೂತ ಸೋದರತ್ತೆಯೂ ನೋಡಿ “ಕೇಳಿಸ್ತು, ಅಕಿಗೆ ಕೇಳಿಸ್ತು” ಎಂದು ಅತ್ತಳು. ನಾನು ಹೇಳುತ್ತಲೇ ಇದ್ದೆ. ಎಷ್ಟನೆಯ ಸಲಕ್ಕೋ ಎದೆಯ ಸದ್ದು ನಿಂತಿತ್ತು.

ಮಂತ್ರ ಕೇಳಿಸಿತು ಎಂದು ಊರೆಲ್ಲ ಸಮಾಧಾನ ಹೇಳಿತು. ಮಾತು ಉಳಿಸಿಕೊಂಡೆ ಎಂದು ನಾನೂ ಅಂದುಕೊಳ್ಳುತ್ತೇನೆ. ಆದರೆ ಮಂತ್ರ ಕೇಳಿಸಿದ್ದರೆ ಅದಕ್ಕಿಂತ ಮೊದಲು ನಾನು ತಪ್ಪೊಪ್ಪಿಕೊಂಡ ಮಾತೂ ಕೇಳಿಸಿರಬೇಕು. ಎರಡನ್ನೂ ನಾನು ಅದೇ ಎಡಗಿವಿಯ ಹತ್ತಿರ ಹೇಳಿದ್ದು. ಕ್ಷಮೆ ಕೇಳಲು ಮಾತ್ರ ಹೊತ್ತಾಗಲಿಲ್ಲ.